ಹನ್ನೆರಡು ಹಲಗಿ ಇದ್ರ ಹನ್ನೆರಡೂ ಒಂದ ಸಮ ಇರಬೇಕ್ರೀ

ನಮಸ್ಕಾರ್ರೀ ಎಲ್ಲಾರಿಗೂ. ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಶೆಡ್ಡಿನಿಂದನ ಮಾತಾಡಾಕತ್ತೀನಿ. ಹಿಂದ ಮೆಷಿನ್ ಸಪ್ಪಳ ಬಂದ್ರ ಬರ್ಲಿ, ಇವತ್ತ ಅದನ್ನ ಬಂದ್ ಮಾಡಂಗಿಲ್ಲ.

ಹೋದ ವಿಡಿಯೋದಾಗ ಪೈನ್ ಹಲಗಿಗೆ ಬ್ರಶ್ಶಿಂಗ್ ಮೆಷಿನ್, ಅಂದ್ರ ತಿರುಗೋ ಬ್ರಶ್ ರೋಲರಿನ ಮೆಷಿನ್, ಹೊಡದು ಕಟ್ಟಿಗಿ ಎಳಿ ಎಬ್ಬಿಸೋದು ತೋರ್ಸಿದ್ದೆ. ಕೆಳಗ ಒಬ್ರು ಬರದಾರ, "ಮೆಷಿನ್ ಹೊಡದ್ರ ಕಟ್ಟಿಗಿ ಜೀವಾ ಹೋಗತೈತಿ, ನಾಲ್ಕಿಂಚಿನ ಗ್ರೈಂಡರ್‌ಗೆ ತಂತಿ ಬ್ರಶ್ ಹಾಕಿ ಕೈಲೆ ಹೊಡೀರಿ, ಅದ ಖರೆ ಕೆಲಸ" ಅಂತ. ಎರಡ ದಿನ ಆತು, ಊಟಕ್ಕ ಕುಂತ್ರೂ ಅದ ಮಾತ ತಲ್ಯಾಗ ತಿರುಗಾಕತ್ತೈತಿ.

ಪೈನ್ ಹಲಗಿ ಮ್ಯಾಲ ಉಗುರು ಒತ್ತಿ ನೋಡ್ರಿ. ತಿಳಿ ಬಣ್ಣದ ಪಟ್ಟಿಯೊಳಗ ಉಗುರು ಇಳೀತೈತಿ, ಅದರ ಮಗ್ಗಲದ ಕಂದು ಪಟ್ಟಿಯೊಳಗ ಇಳ್ಯಂಗಿಲ್ಲ. ವರ್ಷದ ಸುರುವಿಗೆ ಗಿಡ ಜೋರಾಗಿ ಬೆಳದಿದ್ದು ಮೆತ್ತಗ, ಆಮ್ಯಾಲ ನಿಧಾನ ಬೆಳದಿದ್ದು ಗಟ್ಟಿ. ಬ್ರಶ್ ಮೆತ್ತಂದನ್ನ ಕೆರದು ತಗೀತೈತಿ, ಗಟ್ಟಿ ಎಳಿ ಎದ್ದ ನಿಲ್ತೈತಿ. ಇಷ್ಟ. ಎಳಿ ಗಿಡದ್ದ, ನಾವು ಕೊಟ್ಟಿದ್ದಲ್ಲ. ಹಂಗಾದ್ರ ಮೆಷಿನ್ ಯಾರ ಜೀವಾ ತಗೀತು ಹೇಳ್ರಿ?

ಗ್ರೈಂಡರ್ ನಿಮಿಷಕ್ಕ ಹತ್ತ ಹನ್ನೊಂದ ಸಾವಿರ ಸುತ್ತ ತಿರುಗತೈತಿ. ಕೈ ಒಂದ ಕ್ಷಣ ನಿಂತ್ರ ಅಲ್ಲಿ ಗುಣಿ. ಅದಕ್ಕ ಹಾಕೋ ಬಟ್ಟಲದಂಥಾ ತಂತಿ ಬ್ರಶ್ ದುಂಡಗ ತಿರುಗೋದ್ರಿಂದ ಎಳಿಗೆ ಅಡ್ಡ ಗೀರೂ ಬೀಳ್ತಾವು. ಮೆಷಿನ್ನಿನ ರೋಲರ್ ಹಂಗಲ್ಲ, ಎಳಿ ಗುಂಟನ ಹೊಡೀತೈತಿ. ಹಲಗಿ ಒಂದ ವೇಗದಾಗ ಒಳಗ ಹೋಗತೈತಿ, ಒತ್ತು ಎಲ್ಲಾ ಕಡೆ ಒಂದ. ಮದಲ ಉಕ್ಕಿನ ತಂತಿ, ಆಮ್ಯಾಲ ಉಸುಕಿನ ಕಾಗದದಂಗ ಹರಳು ಕೂಡಿಸಿದ ನೈಲಾನ್, ಕಡೀಕ ಕತ್ತಾಳಿ ನಾರಿನ ಬ್ರಶ್. ತಂತಿ ಆಳ ತಗೀತೈತಿ, ನೈಲಾನ್ ಸಿಬರು ಬಿಡಸ್ತೈತಿ, ನಾರು ಮೈ ನುಣುಪ ಮಾಡತೈತಿ. ಹನ್ನೆರಡು ಹಲಗಿ ಹಾಕಿದ್ರ ಹನ್ನೆರಡೂ ಒಂದ ಸಮ.

ಹೋದ ವರ್ಷ ಧಾರವಾಡದ ಒಂದ ಮನಿಗೆ ಅಡಗಿಮನಿ ಶಟರ್, ಅಂದ್ರ ಕಪಾಟಿನ ಬಾಗಲಾ, ಹದಿನಾಲ್ಕು ಮಾಡಿದ್ವಿ. ಮೆಷಿನ್ ಇನ್ನೂ ಬಂದಿರಲಿಲ್ಲ, ಇಬ್ರು ಹುಡುಗ್ರು ಗ್ರೈಂಡರ್‌ಲೆ ಹೊಡದ್ರು. ಶೆಡ್ಡಿನ್ಯಾಗ ನೋಡಿದ್ರ ಬೆಸ್ಟ್ ಕಾಣತಿತ್ತು. ಅಲ್ಲಿ ಕೂಡ್ರಿಸಿದ ಮ್ಯಾಲ ಸಂಜೀಕ ಆ ಮನಿ ಅಕ್ಕಾರು ಸೀಲಿಂಗ್ ಲೈಟ್ ಹಚ್ಚಿದ್ರು. ಬೆಳಕು ಮ್ಯಾಲಿಂದ ವಾರಿಯಾಗಿ ಬಿತ್ತು ನೋಡ್ರಿ, ಮುಂಜಾನೆ ಹೊಡದಿದ್ದ ಬ್ಯಾರೆ, ಊಟಾದ ಮ್ಯಾಲ ಹೊಡದಿದ್ದ ಬ್ಯಾರೆ. ಒಂದರ ಮ್ಯಾಲ ಬೆರಳ ಸಿಗೋವಷ್ಟ ಆಳ, ಮಗ್ಗಲದ್ದು ಸಪಾಟ. ಅಕ್ಕಾರು ಬೈಲಿಲ್ಲ, ಕೈಯಾಡಿಸಿ ಸುಮ್ಮನ ನಿಂತ್ರು. ಹದಿನಾಲ್ಕೂ ಬಿಚ್ಚಿ ತಂದು ಹೊಸಾದು ಮಾಡಿ ಕೊಟ್ವಿ. ಆವತ್ತ ಹುಡುಗ್ರ ತಪ್ಪಿರಲಿಲ್ಲ. ಮನಷಾನ ಕೈ ದಣೀತೈತಿ.

ಮೆಷಿನ್ ಅಂದ್ರ ಬಟನ್ ಒತ್ತಿ ಚಹಾ ಕುಡ್ಯಾಕ ಹೋಗೋದು ಅಂತ ತಿಳದೋರು ಒಂದ ದಿನ ನಮ್ಮಲ್ಲಿ ನಿಂದ್ರಿ. ಹಲಗಿ ಮದಲ ಒಂದ ದಪ್ಪಕ್ಕ ರಂದಾ ಹೊಡೀಬೇಕು, ಇಲ್ಲಂದ್ರ ಉಬ್ಬಿದಲ್ಲಿ ಬ್ರಶ್ ತಿಂತೈತಿ, ತಗ್ಗಿನ್ಯಾಗ ಮುಟ್ಟಂಗಿಲ್ಲ. ಹಸಿ ಹಲಗಿ ಹಾಕಿದ್ರ ಎಳಿ ಏಳಂಗಿಲ್ಲ, ಜುಂಜು ಏಳತೈತಿ. ತೇವ 8 ರಿಂದ 12 ಪರ್ಸೆಂಟ್ ಒಳಗ ಇರಬೇಕು. ಶ್ರಾವಣದ ಜಡಿ ಮಳ್ಯಾಗ ನಾನು ಹಲಗಿ ವಾಪಸ್ ಕಳಸೀನಿ. ತಂತಿ ಸವದಂಗ ರೋಲರ್ ಇಳಿಸ್ಕೊಂತ ಹೋಗಬೇಕು, ಮೋಟರಿಗೆ ಎಷ್ಟ ಭಾರ ಬಿದ್ದೈತಿ ಅಂತ ತೋರಸೋ ಆಂಪಿಯರ್ ಮೀಟರ್ ಮುಳ್ಳಿನ ಮ್ಯಾಲ ಕಣ್ಣ ಇರಬೇಕು. ಓಕ್ ಹಲಗಿಯೊಳಗ ಉಕ್ಕಿನ ಪುಡಿ ಉಳದು ನೀರ ಹತ್ತಿದ್ರ ಕರಿ ಚುಕ್ಕಿ ಏಳತಾವು, ಯಾವ ಪಾಲಿಶ್‌ಗೂ ಮುಚ್ಚಂಗಿಲ್ಲ. ಇದೆಲ್ಲಾ ಕೈಕೆಲಸ ಅಲ್ಲೇನು?

ಹಂಗಂತ ಎಲ್ಲಾದಕ್ಕೂ ಬ್ರಶ್ ಹೊಡೀಬ್ಯಾಡ್ರಿ. ರಬ್ಬರ್ ಕಟ್ಟಿಗಿ ತಂದು ಎಳಿ ಎಬ್ಬಸ್ರಿ ಅಂತಾರ, ಅದರಾಗ ಮೆತ್ತಂದು ಗಟ್ಟಿದು ಅಂತ ಭೇದನ ಇಲ್ಲ. ಕಲಘಟಗಿ ತೊಟ್ಟಿಲು ಐತಿ, ಸಾಗವಾನಿ ಮ್ಯಾಲ ಅರಗಿನ ಬಣ್ಣ. ಅದರ ಚಂದಾನ ನುಣುಪಿನ್ಯಾಗ ಐತಿ. ಅದಕ್ಕ ಯಾರರ ಬ್ರಶ್ ತಗೊಂಡ ಬಂದ್ರ ನಾನ ಅಡ್ಡ ನಿಲ್ತೀನಿ.

"ಮೆಷಿನ್‌ದಾಗ ಕಲಾ ಇಲ್ಲ" ಅಂತಾರಲ್ಲ, ಗದಗದಿಂದ ಲಕ್ಕುಂಡಿ ಎಷ್ಟ ದೂರ ರೀ? ಹೋಗಿ ಗುಡ್ಯಾಗಿನ ಕಂಬ ನೋಡ್ರಿ. ಕಲ್ಲ ತಿರುಗಿಸಿ ಕಡದಾರ, ಅದೂ ಒಂಥರಾ ಮೆಷಿನ್ ಕೆಲಸನ, ಬಳಿ ಬಳಿ ಗೀರು ಕಂಬದ ಸುತ್ತ ಒಂದ ಸಮ ಕುಂತಾವು. ಅದಕ್ಕ ಜೀವಾ ಇಲ್ಲ ಅಂತ ಅಲ್ಲಿ ನಿಂತ ಹೇಳ್ತೀರೇನು?

ರೊಕ್ಕ ಭಾಳ ಆಗತೈತಿ ಅಂದ್ರ ಮೆಷಿನ್ ತಗೋಬ್ಯಾಡ್ರಿ. ಹಲಗಿ ತರ್ರಿ, ಜಾಬ್ ವರ್ಕ್ ಮಾಡಿ ಕೊಡ್ತೀವಿ, ಹಾವೇರಿಯಿಂದ ಟೆಂಪೋದಾಗ ಹಾಕ್ಕೊಂಡ ಬರ್ತಾರ. ಚಾನಲ್ ಸಬ್‌ಸ್ಕ್ರೈಬ್ ಮಾಡ್ರಿ, ಮುಂದಿನ ವಾರ ಸಾಗವಾನಿ ಬಾಗಲಾ ತೋರಸ್ತೀನಿ.

ಕಮೆಂಟ್ ಹಾಕಿದ ಅಣ್ಣಾರ, ನೀವು ಬರ್ರಿ. ನಿಮ್ಮ ಗ್ರೈಂಡರ್ ತರ್ರಿ, ಹನ್ನೆರಡು ಹಲಗಿ ನಾನ ಕೊಡ್ತೀನಿ. ಮುಂಜಾನಿಂದ ಸಂಜೀತನ ಹೊಡೀರಿ, ಆಮ್ಯಾಲ ಲೈಟ್ ಆರಿಸಿ ಬ್ಯಾಟರಿ ವಾರಿ ಹಿಡಿಯೋಣು. ಹನ್ನೆರಡೂ ಒಂದ ಸಮ ಇದ್ರ ಈ ವಿಡಿಯೋ ಅವತ್ತ ರಾತ್ರೀನ ತಗದ ಹಾಕ್ತೀನಿ.

ಏ ತಮ್ಮಾ, ಮುಂದಿನ ಹಲಗಿ ಹಾಕಪಾ.