ಗದ್ದೆಗೆ ಬಂದ ಹಂದಿಯೂ ಕಾನೂನೂ

ಕೇಳುಗರಿಗೆ ನಮಸ್ಕಾರ.

ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹಂದಿ ಹಿಂಡು ನುಗ್ಗಿದರೆ ಎಷ್ಟು ಉಳಿಯುತ್ತದೆಂದು ಮಲೆನಾಡಿನ ರೈತರಿಗೆ ನಾನು ಹೇಳಬೇಕಿಲ್ಲ. ತಿಂದದ್ದಕ್ಕಿಂತ ತುಳಿದು ಕೆಡವಿದ್ದೇ ಹೆಚ್ಚು. ಮಾಳದಲ್ಲಿ ನಿದ್ದೆಗೆಟ್ಟು ಸಾಕಾದವರು ಕೆಲವರು ಬೈಕಿನ ಕ್ಲಚ್ ವೈರು ತಂದು ಬೇಲಿಯ ಕಂಡಿಗೆ ಉರುಳು ಕಟ್ಟುತ್ತಾರೆ. ನಮ್ಮ ಜಮೀನು, ನಮ್ಮ ಬೆಳೆ, ಕೇಳೋರು ಯಾರು ಅಂತ.

ಕಾನೂನು ಕೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಪಹಣಿ ಯಾರ ಹೆಸರಿನಲ್ಲಿದ್ದರೂ ಒಂದೇ. ಅದರ ಲೆಕ್ಕದಲ್ಲಿ ಕೋವಿಯಿಂದ ಹೊಡೆಯುವುದೊಂದೇ ಬೇಟೆಯಲ್ಲ. ವಿಷ ಇಡುವುದು, ಉರುಳು ಹಾಕುವುದು, ಹಾಗೆ ಮಾಡಲು ಹೊರಡುವುದು, ಎಲ್ಲವೂ ಬೇಟೆಯೇ. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಎಂದು ಗೊತ್ತಾಗುವುದಿಲ್ಲ. ಸೊಂಟಕ್ಕೆ ತಂತಿ ಬಿಗಿದ ಚಿರತೆ ಎಳೆದಾಡಿದಷ್ಟೂ ತಂತಿ ಒಳಕ್ಕೆ ಇಳಿಯುತ್ತದೆ, ಪ್ರಾಣ ಮಾತ್ರ ಬೇಗ ಹೋಗುವುದಿಲ್ಲ. ಚಿರತೆ ಕಾಯ್ದೆಯ ಮೊದಲ ಪಟ್ಟಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ಹಂದಿಗೆಂದು ತಿನಿಸಿನಲ್ಲಿ ಅಡಗಿಸಿಡುವ ಸಿಡಿಮದ್ದಿನ ಕಥೆಯೂ ಅಷ್ಟೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಾಯಿ ಸಿಡಿದು ಸತ್ತದ್ದು ಗಬ್ಬದ ಆನೆ.

ಇನ್ನು ಕರೆಂಟು. ಐಬೆಕ್ಸ್ ಎಂದು ಕರೆಯುವ ಸೋಲಾರ್ ಬೇಲಿಯ ಕರೆಂಟು ಕ್ಷಣಮಾತ್ರ ಮಿಡಿದು ನಿಲ್ಲುತ್ತದೆ, ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಮನೆ ಲೈನಿನಿಂದ ನೇರ ಎಳೆದ ತಂತಿ ಹಾಗಲ್ಲ, ಮುಟ್ಟಿದ್ದನ್ನು ಬಿಡುವುದಿಲ್ಲ. ಬೆಳಿಗ್ಗೆ ಸ್ವಿಚ್ ಆರಿಸಲು ಮರೆತು ಮನೆಯವರನ್ನೇ ಕಳೆದುಕೊಂಡವರಿದ್ದಾರೆ.

ಹಾಗಾದರೆ ರೈತ ಕೈಕಟ್ಟಿ ಕೂರಬೇಕೇ? ಇಲ್ಲ. ಓಡಿಸಬಹುದು, ಬೇಲಿ ಹಾಕಬಹುದು, ಅಗಳು ತೋಡಬಹುದು. ಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆ ಹಾಳುಮಾಡುತ್ತಿದ್ದರೆ ಹೊಡೆಯಲು ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಅನುಮತಿ ಕೊಡಬಹುದು. 2022ರಲ್ಲಿ ಕೇರಳ ಆ ಅಧಿಕಾರವನ್ನು ಪಂಚಾಯಿತಿಯ ತನಕ ಇಳಿಸಿತು. ನಮ್ಮಲ್ಲೂ ಅಷ್ಟು ಹತ್ತಿರ ಬಂದರೆ ಉರುಳು ಕಡಿಮೆಯಾದೀತೆಂದು ನನ್ನ ಅಂದಾಜು. ಅಡಿಕೆ ತೋಟದ ಮಂಗನ ವಿಷಯ ಬೇರೆ. 2022ರ ತಿದ್ದುಪಡಿ ಅದನ್ನು ಮೊದಲ ಪಟ್ಟಿಗೇ ಏರಿಸಿದೆ, ಬೆಳೆಯ ಕಾರಣಕ್ಕೆ ಅನುಮತಿ ಸಿಗದು.

ಇದರ ನಡುವೆ ಒಂದು ವಿಚಿತ್ರ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿನ ದಂಡ 10 ರೂಪಾಯಿಯಿಂದ 50 ರೂಪಾಯಿ. ಇವತ್ತು ಅದಕ್ಕೆ ಒಂದು ಊಟವೂ ಬಾರದು.

ಬೆಳೆ ಹೋಗಿದ್ದರೆ ತುಳಿದ ಜಾಗ ಹಸನು ಮಾಡುವ ಮೊದಲೇ ಫೋಟೋ ತೆಗೆದಿಡಿ. ಪಹಣಿಯ ಪ್ರತಿಯೊಂದಿಗೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಟ್ಟು, ಸ್ವೀಕೃತಿ ಕೇಳಿ ಪಡೆಯಿರಿ. ನಮಸ್ಕಾರ.