ಮೇಲುಕೋಟೆಯಲ್ಲಿ ಹುಟ್ಟಿದ ನಟಿ

ಕೇಳುಗರಿಗೆಲ್ಲ ನಮಸ್ಕಾರ.

ಜಯಲಲಿತಾ ಅಂದ ಕೂಡಲೇ ನಮ್ಮ ಮಂಡ್ಯದ ಕಡೆ ಮಾತು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನೇರವಾಗಿ ಕನ್ನಂಬಾಡಿ ಕಟ್ಟೆಗೆ, ಅಂದರೆ ಕಾವೇರಿಯ ಕೆಆರ್‌ಎಸ್ ಅಣೆಕಟ್ಟಿಗೆ. ಎಷ್ಟು ಟಿಎಂಸಿ ಹೋಯಿತು, ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಹೆದ್ದಾರಿ ಬಂದ್ ಯಾವಾಗ. ಅವರು ತಮಿಳುನಾಡಿನ ಮುಖ್ಯಮಂತ್ರಿಯಾದ 1991ರಿಂದ ಇದೇ ಮಾತು. ಈ ಗಲಾಟೆಯಲ್ಲಿ ಒಂದು ಸಂಗತಿ ಮುಚ್ಚಿಹೋಯಿತು. ಅವರು ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ. ನಾಯಕಿಯಾಗಿ ಮೊದಲು ಬಣ್ಣ ಹಚ್ಚಿದ್ದು ಕನ್ನಡ ಚಿತ್ರಕ್ಕೆ. ಆದ್ದರಿಂದ ಇವತ್ತು ನೀರಿನ ಲೆಕ್ಕ ಪಕ್ಕಕ್ಕಿರಲಿ. ನಟಿ ಜಯಲಲಿತಾ ಬಗ್ಗೆ ಮಾತ್ರ ನಾಲ್ಕು ಮಾತು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ, 1948ರ ಫೆಬ್ರುವರಿ 24. ಅಯ್ಯಂಗಾರ್ ಮನೆತನ. ತಂದೆಯ ತಂದೆ ಮೈಸೂರು ಅರಮನೆಯ ವೈದ್ಯರಾಗಿದ್ದವರು. ಮೈಸೂರಿನಲ್ಲಿ ಜಯವಿಲಾಸ, ಲಲಿತವಿಲಾಸ ಅಂತ ಎರಡು ಮನೆ. ಮಗುವಿನ ಹೆಸರು ಅಲ್ಲಿಂದಲೇ ಬಂತು ಅನ್ನುತ್ತಾರೆ. ಆದರೆ ತಂದೆ ಜಯರಾಮ್ ಬೇಗ ತೀರಿಕೊಂಡರು. ತಾಯಿ ವೇದವಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ತವರಿಗೆ ಬಂದರು, ಕೆಲಸಕ್ಕೆ ಸೇರಿದರು. ಆಮೇಲೆ ಮದ್ರಾಸಿಗೆ ಹೋಗಿ ಸಂಧ್ಯಾ ಅನ್ನುವ ಹೆಸರಿನಲ್ಲಿ ನಟಿಯಾದರು. ಮಗಳು ಕೆಲವು ವರ್ಷ ಬೆಂಗಳೂರಿನಲ್ಲೇ ಅಜ್ಜ ಅಜ್ಜಿಯ ಜೊತೆ ಇದ್ದು, ಬಿಷಪ್ ಕಾಟನ್ ಶಾಲೆಯಲ್ಲಿ ಓದಿದಳು. ತಾಯಿಯ ಬಳಿ ಹೋಗಿದ್ದು 1958ರಲ್ಲಿ.

ಆ ಹುಡುಗಿಗೆ ಸಿನಿಮಾ ಬೇಕಿರಲಿಲ್ಲ, ನೋಡಿ. ಓದಿನ ಆಸೆ ಜಾಸ್ತಿ. ಮುಂದೆ ದೊಡ್ಡವರಾದ ಮೇಲೆ ಟಿವಿ ಸಂದರ್ಶನವೊಂದರಲ್ಲೂ ಅದನ್ನೇ ಹೇಳಿಕೊಂಡರು. ಆದರೆ ಸಿನಿಮಾ ಬಿಡಬೇಕಲ್ಲ! 1961ರ ‘ಶ್ರೀಶೈಲ ಮಹಾತ್ಮೆ’ಯ ಕಥೆ ಕೇಳಿ. ಬಾಲ ಪಾರ್ವತಿಯ ಪಾತ್ರಕ್ಕೆ ಬಂದ ಮಗು ಸೆಟ್ಟಿನಲ್ಲಿ ಹಟ ಹಿಡಿಯಿತಂತೆ. ತಾಯಿಯ ಜೊತೆ ಸುಮ್ನೆ ಬಂದು ಕೂತಿದ್ದ ಜಯಲಲಿತಾಗೆ ಆ ವೇಷ ಹಾಕಿಸಿದರಂತೆ. ಆ ಚಿತ್ರದ ನಾಯಕ ರಾಜ್‌ಕುಮಾರ್. ಮುಂದೆ ರಾಜ್ ಅವರಿಗೆ ನಾಯಕಿಯಾಗುವ ಯೋಗ ಮಾತ್ರ ಜಯಲಲಿತಾಗೆ ಬರಲೇ ಇಲ್ಲ.

ನಾಯಕಿಯಾಗಿ ಮೊದಲ ಚಿತ್ರ 1964ರ ‘ಚಿನ್ನದ ಗೊಂಬೆ’. ನಿರ್ದೇಶಕರು ಬಿ.ಆರ್. ಪಂತುಲು. ಹೌದು, ‘ಕಿತ್ತೂರು ಚೆನ್ನಮ್ಮ’ ತೆಗೆದ ಪಂತುಲು ಅವರೇ. ನಾಯಕ ಕಲ್ಯಾಣ್ ಕುಮಾರ್. ಹುಡುಗಿ ಆಗಷ್ಟೇ ಶಾಲೆ ಮುಗಿಸಿದ್ದಳು. ರಜೆಯಲ್ಲಿ ಚಿತ್ರೀಕರಣ ಮುಗಿಸಿಕೊಡುತ್ತೇವೆ, ಓದಿಗೆ ತೊಂದರೆ ಆಗಲ್ಲ ಅನ್ನುವ ಒಪ್ಪಂದದ ಮೇಲೆ ತಾಯಿ ಒಪ್ಪಿದರು. ರಜೆಯೇನೋ ಮುಗಿಯಿತು. ಸಿನಿಮಾ ಎಲ್ಲಿ ಮುಗಿಯುತ್ತೆ? ಆಮೇಲೆ ‘ನನ್ನ ಕರ್ತವ್ಯ’, ‘ಮಾವನ ಮಗಳು’, ‘ಬದುಕುವ ದಾರಿ’ ಬಂದವು. ಕನ್ನಡದಲ್ಲಿ ಬೆರಳೆಣಿಕೆಯಷ್ಟು ಚಿತ್ರ, ಅಷ್ಟೇ.

ನಮ್ಮವರು ಅವರನ್ನು ಕೈಬಿಟ್ಟರು ಅಂತ ಕೊರಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಗ ಕನ್ನಡ ಚಿತ್ರಗಳಲ್ಲಿ ಹೆಚ್ಚಿನವು ತಯಾರಾಗುತ್ತಿದ್ದದ್ದೇ ಮದ್ರಾಸಿನಲ್ಲಿ. ಅದೇ ಸ್ಟುಡಿಯೋ, ಅದೇ ತಂತ್ರಜ್ಞರು. ‘ಚಿನ್ನದ ಗೊಂಬೆ’ಯ ಕಥೆಯನ್ನೇ ಪಂತುಲು ಅದೇ ವರ್ಷ ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರನ್ನು ಹಾಕಿಕೊಂಡು ತೆಗೆದರು. ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹೋಗೋದು ಅಂದರೆ ಪಕ್ಕದ ಫ್ಲೋರಿಗೆ ಹೋದಷ್ಟು ಸಲೀಸು. 1965ರಲ್ಲಿ ತಮಿಳು ನಿರ್ದೇಶಕ ಶ್ರೀಧರ್ ಅವರ ‘ವೆಣ್ಣಿರ ಆಡೈ’ ಬಂತು. ಅದಕ್ಕೆ ಎ ಸರ್ಟಿಫಿಕೇಟ್ ಸಿಕ್ಕಿತು. ನಾಯಕಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ತಾನೇ ನಟಿಸಿದ ಚಿತ್ರವನ್ನು ತಾನೇ ಥಿಯೇಟರಿನಲ್ಲಿ ನೋಡುವ ಹಾಗಿಲ್ಲ! ಅದೇ ವರ್ಷ ‘ಆಯಿರತ್ತಿಲ್ ಒರುವನ್’. ತಮಿಳಿನ ಹೆಸರಾಂತ ನಾಯಕನಟ ಎಂ.ಜಿ.ಆರ್. ಜೊತೆ ಮೊದಲ ಚಿತ್ರ. ಅದರ ನಿರ್ದೇಶಕರು ಯಾರು? ಮತ್ತೆ ನಮ್ಮ ಪಂತುಲು. ಆ ಜೋಡಿ ಒಟ್ಟು 28 ಚಿತ್ರಗಳಲ್ಲಿ ನಟಿಸಿತು. ಕನ್ನಡ ಚಿತ್ರದಲ್ಲಿ ನಾಯಕಿ ಮಾಡಿದವರೇ ಕೈಹಿಡಿದು ಎಂ.ಜಿ.ಆರ್. ಪಕ್ಕ ನಿಲ್ಲಿಸಿದರು. ಹೀಗಿರುವಾಗ ಯಾರು ಯಾರನ್ನು ಬಿಟ್ಟರು ಅಂತ ಹೇಳೋಣ?

ನಟನೆ ಹೇಗಿತ್ತು ಅಂತ ಕೇಳಿದರೆ, ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೆಸರು ತಂದದ್ದು ಎಂ.ಜಿ.ಆರ್. ಚಿತ್ರಗಳು, ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ನಾಯಕನ ಚಿತ್ರಗಳು. ನಾಯಕಿ ಹಾಡಿ, ಕುಣಿದು, ಒಂದಿಷ್ಟು ಮುನಿಸಿಕೊಂಡರೆ ಮುಗಿಯಿತು. ಕುಣಿತಕ್ಕೆ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೆ.ಜೆ. ಸರಸಾ ಅವರಲ್ಲಿ ಭರತನಾಟ್ಯ ಕಲಿತು, 1960ರಲ್ಲೇ ರಂಗಪ್ರವೇಶ ಮಾಡಿದ್ದರು. ಆ ಅಭ್ಯಾಸ ಕಣ್ಣಿನಲ್ಲಿ, ಕತ್ತಿನ ತಿರುವಿನಲ್ಲಿ ಕಾಣುತ್ತಿತ್ತು. ನಟಿಯಾಗಿ ಅವರನ್ನು ನೋಡಬೇಕು ಅಂದರೆ ನಾನು ಹೇಳೋದು 1973ರ ತಮಿಳು ಚಿತ್ರ ‘ಸೂರ್ಯಕಾಂತಿ’. ಗಂಡನಿಗಿಂತ ಹೆಂಡತಿಯ ಸಂಬಳ ಜಾಸ್ತಿ. ಗಂಡನಿಗೆ ಅದು ಸಹಿಸುವುದಿಲ್ಲ. ಕಥೆ ಇಷ್ಟೇ. ಇದು ನಮ್ಮ ನಿಮ್ಮ ಮನೆಗಳಲ್ಲಿ ಇವತ್ತೂ ನಡೆಯುವ ಕಥೆ, ಅಲ್ವಾ? ಎಂ.ಜಿ.ಆರ್. ಇಲ್ಲ, ಕತ್ತಿವರಸೆ ಇಲ್ಲ. ಕಥೆಯ ಭಾರವೆಲ್ಲ ಆ ಹೆಂಡತಿಯ ಮೇಲೆ. ಮನೆಯವರ ಹೊಟ್ಟೆಗೆ ದುಡಿಯಲು ಹೊರಟ ತಾಯಿಯನ್ನು ಕಂಡು ಬೆಳೆದ ನಟಿಗೆ ಈ ಪಾತ್ರ ದಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಹಿಂದಿಯಲ್ಲೂ ಒಂದು ಕೈ ನೋಡಿದರು. 1968ರ ‘ಇಜ್ಜತ್’ನಲ್ಲಿ ಧರ್ಮೇಂದ್ರ ಜೊತೆ. ಅದು ಮುಂದುವರಿಯಲಿಲ್ಲ.

ಇನ್ನು ನಮ್ಮ ಮೇಲುಕೋಟೆ. ಅಲ್ಲಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಣಿಯದ ನಾಯಕಿಯರು ಕಡಿಮೆ. ಕನ್ನಡದವರು, ತಮಿಳಿನವರು, ಹಿಂದಿಯವರು, ಎಲ್ಲ ಬಂದು ಹೋಗುತ್ತಾರೆ. ವೈರಮುಡಿ ಉತ್ಸವಕ್ಕೆ ಹೋದಾಗ ಪುಳಿಯೋಗರೆ ತಿಂದು ಬರುವ ನಾವು, ಇದು ಯಾವ ನಟಿಯ ಊರು ಅಂತ ಮಕ್ಕಳಿಗೆ ಹೇಳುವುದೇ ಇಲ್ಲ. ಹೇಳಿದರೆ ಜಗಳಕ್ಕೆ ಕೂತ ಹಾಗಾಗುತ್ತದೆ ಅನ್ನುವ ಮುಜುಗರ ಇರಬಹುದು. ಅವರ ರಾಜಕೀಯದ ಮೇಲೆ ಸಿಟ್ಟಿರುವವರು ಸಿಟ್ಟು ಇಟ್ಟುಕೊಳ್ಳಲಿ, ಬೇಡ ಅನ್ನೋದಿಲ್ಲ. ‘ಚಿನ್ನದ ಗೊಂಬೆ’ಯ ಹದಿನಾರರ ಹುಡುಗಿ ಮೇಲೆ ಯಾಕೆ ಸಿಟ್ಟು?

1980ರ ಹೊತ್ತಿಗೆ ಚಿತ್ರಗಳು ನಿಂತವು. 1982ರಲ್ಲಿ ಎಂ.ಜಿ.ಆರ್. ಪಕ್ಷ ಸೇರಿದರು. 1984ರಲ್ಲಿ ರಾಜ್ಯಸಭೆ, 1991ರಲ್ಲಿ ಮುಖ್ಯಮಂತ್ರಿ. ಅಲ್ಲಿಂದ 2016ರ ಡಿಸೆಂಬರ್ 5ರವರೆಗಿನ ಕಥೆಯನ್ನು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ನಾನು ಸಿನಿಮಾ ಮಾತಿಗಷ್ಟೇ ಬಂದವನು. ನಮಸ್ಕಾರ.