ಗೆರೆಗಳ ಆಚೆಯ ಹುಲ್ಲು: ಸಿಮರಾನ್ ಕೌಂಟಿ

ಗೆಳೆಯರೇ, ಒಂದು ಛಾಯಾಚಿತ್ರದಿಂದ ಮಾತು ಆರಂಭಿಸುತ್ತೇನೆ. 1936ರ ಏಪ್ರಿಲ್ ತಿಂಗಳಲ್ಲಿ ಆರ್ಥರ್ ರಾತ್‌ಸ್ಟೀನ್ ಎಂಬ ಇಪ್ಪತ್ತರ ಯುವಕ ಅಮೆರಿಕ ಸರ್ಕಾರಕ್ಕಾಗಿ ತೆಗೆದ ಚಿತ್ರ ಅದು. ಧೂಳಿನ ಗಾಳಿಗೆ ತಲೆ ಬಗ್ಗಿಸಿ ನಡೆಯುತ್ತಿರುವ ರೈತ, ಜೊತೆಗೆ ದೊಡ್ಡ ಮಗ. ಚಿಕ್ಕವನು ಹಿಂದೆ ಬಿದ್ದು, ಮುಖಕ್ಕೆ ಕೈ ಅಡ್ಡ ಹಿಡಿದಿದ್ದಾನೆ. ಬೇಲಿಯ ಗೂಟಗಳು ಮರಳಿನಲ್ಲಿ ಹೂತುಹೋಗಿವೆ. ಎಷ್ಟು ಸಲ ನೋಡಿದರೂ ನನ್ನ ಕಣ್ಣು ಆ ಚಿಕ್ಕವನ ಮೇಲೆಯೇ ನಿಲ್ಲುತ್ತದೆ.

ಆ ಹೊಲ ಇರುವುದು ಒಕ್ಲಹೋಮ ರಾಜ್ಯದ ಪಶ್ಚಿಮದ ತುದಿಯ ಸಿಮರಾನ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು. ವಿಸ್ತೀರ್ಣ ಸುಮಾರು 4,700 ಚದರ ಕಿಲೋಮೀಟರ್. 2020ರ ಜನಗಣತಿಯಂತೆ ಜನಸಂಖ್ಯೆ 2,296. ನಮ್ಮಲ್ಲಿ ಇಷ್ಟು ಜನ ಒಂದು ಸಾಧಾರಣ ಹಳ್ಳಿಯಲ್ಲೇ ಸಿಗುತ್ತಾರೆ. ಕೊಲೊರಾಡೊ, ಕ್ಯಾನ್ಸಸ್, ಟೆಕ್ಸಸ್, ನ್ಯೂ ಮೆಕ್ಸಿಕೊ ಎಂಬ ನಾಲ್ಕು ಪರರಾಜ್ಯಗಳಿಗೆ ಗಡಿ ತಾಗುವ ಕೌಂಟಿ ಅಮೆರಿಕದಲ್ಲಿ ಇದೊಂದೇ.

ಈ ಗಡಿಗಳ ಕಥೆ ನೆಲದ ಮೇಲೆ ನಡೆದದ್ದಲ್ಲ, ಕಾಗದದ ಮೇಲೆ ನಡೆದದ್ದು. ಕೊಮಾಂಚಿ ಎಂಬ ಮೂಲನಿವಾಸಿಗಳು ಕಾಡೆಮ್ಮೆಗಳ ಹಿಂದೆ ಅಲೆದಾಡುತ್ತಿದ್ದ ಬಯಲು ಅದು. ಗುಲಾಮಗಿರಿಯ ಬಗ್ಗೆ ಅಮೆರಿಕದ ಸಂಸತ್ತಿನಲ್ಲಿ ಆದ 1820ರ ಮಿಸೌರಿ ಒಪ್ಪಂದದ ಪ್ರಕಾರ, ಪಶ್ಚಿಮದ ಹೊಸ ನೆಲದಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿಗೆ ಅವಕಾಶವಿರಲಿಲ್ಲ. ಗುಲಾಮರನ್ನು ಇಟ್ಟುಕೊಂಡಿದ್ದ ಟೆಕ್ಸಸ್ 1850ರಲ್ಲಿ ಆ ಗೆರೆಯ ಆಚೆಯ ನೆಲವನ್ನು ಬಿಟ್ಟುಕೊಟ್ಟಿತು. 1854ರಲ್ಲಿ ಕ್ಯಾನ್ಸಸ್‌ನ ದಕ್ಷಿಣದ ಗಡಿ 37ನೆಯ ಡಿಗ್ರಿಯಲ್ಲಿ ನಿಂತಿತು. ನಡುವೆ ಉಳಿದದ್ದು ಅರ್ಧ ಡಿಗ್ರಿ ಅಗಲದ, ಸುಮಾರು 270 ಕಿಲೋಮೀಟರ್ ಉದ್ದದ ಒಂದು ಪಟ್ಟಿ. ಅದು ಯಾವ ರಾಜ್ಯಕ್ಕೂ ಸೇರಲಿಲ್ಲ. ಜನ ಅದನ್ನು ‘ಯಾರದೂ ಅಲ್ಲದ ನಾಡು’ ಎಂದೇ ಕರೆದರು. ಬಂದು ನೆಲೆಸಿದವರಿಗೆ ಹಕ್ಕುಪತ್ರವಿಲ್ಲ, ನ್ಯಾಯಾಲಯವಿಲ್ಲ. 1887ರಲ್ಲಿ ಅವರೇ ಸೇರಿ ‘ಸಿಮರಾನ್ ಪ್ರಾಂತ’ ಎಂದು ಘೋಷಿಸಿಕೊಂಡರು. ವಾಷಿಂಗ್ಟನ್ ಮಾನ್ಯತೆ ಕೊಡಲಿಲ್ಲ. 1890ರಲ್ಲಿ ಪಟ್ಟಿ ಒಕ್ಲಹೋಮಕ್ಕೆ ಸೇರಿತು. 1907ರಲ್ಲಿ ಅದನ್ನು ಮೂರು ಕೌಂಟಿಗಳಾಗಿ ಒಡೆದಾಗ ಆ ಹಳೆಯ ಹೆಸರು ಪಶ್ಚಿಮದ ತುಂಡಿಗೆ ಉಳಿಯಿತು.

ಕೌಂಟಿಯ ಕೇಂದ್ರ ಬಾಯ್ಸ್ ಸಿಟಿ ಕೂಡ ಕಾಗದದಲ್ಲೇ ಹುಟ್ಟಿದ ಊರು. ನೆರಳಿನ ಮರಗಳು, ಹಾಸುಗಲ್ಲಿನ ಬೀದಿಗಳು, ತಾನಾಗಿ ಚಿಮ್ಮುವ ಬಾವಿ ಇವೆಯೆಂದು ಕರಪತ್ರ ಹಂಚಿ, 1908ರಲ್ಲಿ ಒಂದು ಕಂಪನಿ ದೂರದ ಜನರಿಗೆ ನಿವೇಶನಗಳನ್ನು ಮಾರಿತು. ಹೆಸರಿನ ಮೂಲವಾದ ಫ್ರೆಂಚ್ ಪದಕ್ಕೆ ‘ಮರಗಳಿಂದ ತುಂಬಿದ್ದು’ ಎಂದರ್ಥ. ಹಣ ತೆತ್ತು ಬಂದವರಿಗೆ ಕಂಡದ್ದು ಬರೀ ಹುಲ್ಲು. ಮಾರಿದವರಿಗೆ ವಂಚನೆಯ ಅಪರಾಧಕ್ಕೆ ಶಿಕ್ಷೆಯಾಯಿತು. ಬಂದವರಲ್ಲಿ ಹಲವರು ಅಲ್ಲಿಯೇ ಉಳಿದು ಊರು ಕಟ್ಟಿದರು. ಅವರ ಗಟ್ಟಿತನವನ್ನು ನಾನು ಗೌರವಿಸುತ್ತೇನೆ.

ಆ ಹುಲ್ಲೇ ಅಲ್ಲಿಯ ನಿಜವಾದ ಸಂಪತ್ತಾಗಿತ್ತು. ವರ್ಷಕ್ಕೆ 500 ಮಿಲಿಮೀಟರ್ ಮಳೆಯೂ ಬೀಳದ, ಗಾಳಿ ನಿಲ್ಲದ ಬಯಲಿನಲ್ಲಿ ಗ್ರಾಮಾ ಮತ್ತು ಬಫೆಲೊ ಹುಲ್ಲುಗಳು ಬೇರುಗಳನ್ನು ಹೆಣೆದು ಮಣ್ಣನ್ನು ಬಿಗಿಹಿಡಿದಿದ್ದವು. ಮೊದಲ ಮಹಾಯುದ್ಧದಲ್ಲಿ ಗೋಧಿಗೆ ಬುಷೆಲ್ಲಿಗೆ, ಅಂದರೆ ಸುಮಾರು 27 ಕಿಲೋಗೆ, 2 ಡಾಲರ್ ಬೆಲೆಯ ಭರವಸೆ ಸಿಕ್ಕಿತು. ಟ್ರ್ಯಾಕ್ಟರುಗಳು ಬಂದವು, ಒಳ್ಳೆಯ ಮಳೆಯ ಕೆಲವು ವರ್ಷಗಳೂ ಬಂದವು. ಹುಲ್ಲು ಮಗುಚಿಬಿತ್ತು. 1931ರ ಹೊತ್ತಿಗೆ ಬೆಲೆ ಅರ್ಧ ಡಾಲರಿಗೂ ಕೆಳಗಿಳಿಯಿತು. ಹಿಂದೆಯೇ ಬರ ಬಂತು. ಉತ್ತ ನೆಲ ಬರಿಮೈಯಾಗಿ ಗಾಳಿಗೆ ಸಿಕ್ಕಿತು. 1935ರ ಏಪ್ರಿಲ್ 14, ಭಾನುವಾರ, ಕಪ್ಪು ಗೋಡೆಯಂಥ ಧೂಳು ಎದ್ದುಬಂದು ಹಾಡುಹಗಲೇ ಕತ್ತಲಾಯಿತು. ಬಾಯ್ಸ್ ಸಿಟಿಯ ಹತ್ತಿರ ಅದರಲ್ಲಿ ಸಿಕ್ಕಿಕೊಂಡ ರಾಬರ್ಟ್ ಗೈಗರ್ ಎಂಬ ಪತ್ರಕರ್ತ ಮರುದಿನದ ವರದಿಯಲ್ಲಿ ಬರೆದ ‘ಡಸ್ಟ್ ಬೌಲ್’ (ಧೂಳಿನ ಬಟ್ಟಲು) ಎಂಬ ಮಾತು ಆ ಇಡೀ ದಶಕದ ಹೆಸರಾಯಿತು. ಜನ ಇದನ್ನು ದೈವದ ಮುನಿಸು ಎಂದುಕೊಂಡರು. ಬರ ಅಲ್ಲಿಗೆ ಹೊಸದಾಗಿರಲಿಲ್ಲ, ಗಾಳಿಯೂ ಹೊಸದಾಗಿರಲಿಲ್ಲ, ಹೊಸದಾಗಿದ್ದುದು ನೇಗಿಲು.

1930ರಲ್ಲಿ 5,408 ಜನರಿದ್ದ ಕೌಂಟಿ ಆ ಸಂಖ್ಯೆಯನ್ನು ಮತ್ತೆ ಮುಟ್ಟಲಿಲ್ಲ. ಹಾಳಾದ ಹೊಲಗಳನ್ನು ಸರ್ಕಾರ ಕೊಂಡು ಮತ್ತೆ ಹುಲ್ಲು ಬೆಳೆಸಿತು. ಅಂಥ ನೆಲವೇ ಇಂದಿನ ರೀಟಾ ಬ್ಲಾಂಕಾ ರಾಷ್ಟ್ರೀಯ ಹುಲ್ಲುಗಾವಲು. ಉಳಿದೆಡೆ ಒಗಲಾಲಾ ಎಂಬ ಅಂತರ್ಜಲದ ನಿಧಿಯನ್ನು ಪಂಪಿನಿಂದ ಮೇಲೆತ್ತಿ ಬೆಳೆ ತೆಗೆಯುತ್ತಾರೆ. ಆ ನೀರು ಮಳೆಯಿಂದ ತುಂಬುವುದಕ್ಕಿಂತ ಬಹಳ ಬೇಗ ಖಾಲಿಯಾಗುತ್ತಿದೆ. ಇದನ್ನು ಹೇಳುವಾಗ ನನಗೆ ಭಯವಾಗುತ್ತದೆ.

ವಾಯವ್ಯದಲ್ಲಿ ಲಾವಾರಸದ ಟೋಪಿ ಹೊತ್ತ ಬ್ಲ್ಯಾಕ್ ಮೆಸಾ ಎಂಬ ಸಪಾಟು ತಲೆಯ ಬೆಟ್ಟ ಇದೆ. 1,516 ಮೀಟರ್ ಎತ್ತರದ ಅದು ರಾಜ್ಯದ ಅತಿ ಎತ್ತರದ ತಾಣ. ಅದಕ್ಕಿಂತ ನನ್ನನ್ನು ಸೆಳೆಯುವುದು ಆಟೋಗ್ರಾಫ್ ರಾಕ್ ಎಂಬ ಬಂಡೆ. ಸಾಂಟಾ ಫೆ ಎಂಬ ಹಳೆಯ ವ್ಯಾಪಾರದ ದಾರಿಯಲ್ಲಿ ಸರಕು ಸಾಗಿಸುತ್ತಿದ್ದವರು ಅಲ್ಲಿ ತಂಗಿ, ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತಿ ಮುಂದೆ ಹೋಗಿದ್ದಾರೆ. ನೇಗಿಲು ಮುಟ್ಟದ ಹುಲ್ಲುನೆಲದಲ್ಲಿ ಅವರ ಗಾಡಿಗಾಲಿಗಳು ಕೊರೆದ ಜಾಡು ಇಂದಿಗೂ ಕಾಣುತ್ತದೆ. ಒಂದೂವರೆ ಶತಮಾನದ ಹಿಂದಿನ ಆ ತಗ್ಗಿನಲ್ಲೂ ಹುಲ್ಲು ಹಬ್ಬಿದೆ.